ಗಂಟಿನ ಪಟ್ಟಿ

ಪೆದ್ದಣ್ಣನಿಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ಮೊಳಕಾಲ್ಮುರಿನ ನಮ್ಮ ಬೀದಿಯಲ್ಲಿ ಒಂದು ಮಾತಿತ್ತು. ಆ ಪೆದ್ದಣ್ಣ ನಾನೇ, ಆ ಮಾತು ಹುಟ್ಟಿಸಿದವನೂ ನಾನೇ. ಬ್ಯಾಂಕಿನಿಂದ ಅಂತ ಫೋನ್ ಬಂದರೆ ಆ ಕಡೆಯವನಿಗೆ ಮಂಗಳಾರತಿ ಮಾಡಿ ಇಡುತ್ತಿದ್ದೆ. ಲಾಟರಿ ಹೊಡೆದಿದೆ ಎಂದವನಿಗೆ ನೀನೇ ಇಟ್ಟುಕೋ ಎನ್ನುತ್ತಿದ್ದೆ. ಅಂಥ ನಾನು ಕೈಯಾರೆ ನೇಯ್ದ ಮೂರು ರೇಷ್ಮೆ ಸೀರೆಗಳನ್ನು ಒಂದೊಂದಾಗಿ ಮಡಿಸಿ, ಅರಿಶಿನ ಕುಂಕುಮ ಇಟ್ಟು, ಒಬ್ಬ ಕಳ್ಳನ ಕೈಗೆ ಕೊಟ್ಟು ಅವನ ಕಾಲಿಗೆ ಬಿದ್ದಿದ್ದೇನೆ. ಅದು ಹೇಗಾಯಿತು ಎಂದು ಹೇಳಬೇಕಾದರೆ ಮೌನಿಕಾಳಿಂದ ಶುರು ಮಾಡಬೇಕು.

ಮೌನಿಕಾ ನಮ್ಮ ಒಬ್ಬಳೇ ಮಗಳು. ಇಪ್ಪತ್ತಮೂರು ವರ್ಷ. ಎಡಚಿ. ಮಗ್ಗದ ಕೆಲಸದಲ್ಲಿ ಅವಳ ಬೆರಳು ಓಡಿದಷ್ಟು ನನ್ನ ಬೆರಳು ಯಾವತ್ತೂ ಓಡಿಲ್ಲ. ಮಗ್ಗದಲ್ಲಿ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿಯುತ್ತಾ ಬಂದಾಗ ಅದನ್ನು ಪೂರ್ತಿ ತೆಗೆದು ಹಾಕುವುದಿಲ್ಲ. ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ, ಮೂರ್ನಾಲ್ಕು ದಿನದ ಕೆಲಸ. ಒಬ್ಬರು ಎದುರಿಗೆ ಕೂತು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಹೊಸೆಯಬೇಕು. ಇದಕ್ಕೆ ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ಕಟ್ಟಳೆ ಇತ್ತು. ಹೊಸೆಯಲು ಕೂತ ಕೈಯೇ ಮುಗಿಸಬೇಕು, ನಡುವೆ ಕೈ ಬದಲಾದರೆ ಮಗ್ಗದಮ್ಮ ಮುನಿಯುತ್ತಾಳೆ.

ಹೋದ ವರ್ಷ ಅವಳ ಮದುವೆ ಗೊತ್ತಾಗಿತ್ತು. ಮದುವೆಯ ಸೀರೆಗಳು ಮನೆಯಲ್ಲೇ ಆಗಲಿ ಎಂದು ಸ್ವಂತಕ್ಕೆ ರೇಷ್ಮೆ ತಂದೆ. ಬಣ್ಣ ಅವಳೇ ಆರಿಸಿದಳು. ನೇರಳೆ ಒಡಲು, ಹಸಿರು ಅಂಚು. ಹೊಸೆಯಲೂ ಅವಳೇ ಕೂತಳು, ಎಳೆ ಕೊಡಲು ನಾನು. ಎರಡನೇ ದಿನ ಅವಳಿಗೆ ಜ್ವರ ಬಂತು.

"ನಾಯನಾ, ಕಣ್ಣು ಉರೀತಾವೆ. ಮೈಯೆಲ್ಲಾ ನೋವು," ಅಂದಳು.

"ಇನ್ನು ಮುಕ್ಕಾಲು ಮೊಳ ಅಗಲ ಐತೆ ಕಣಮ್ಮ, ಮುಗಿಸಿಬಿಡು. ನಿನ್ನ ಮದುವೆ ಹಾಸು, ಕೈ ಬದಲಾಗಬಾರ್ದು," ಅಂದೆ.

ಹೆಂಡತಿ ಚಿತ್ತಮ್ಮ ಅಡುಗೆಮನೆಯಿಂದ ಬಂದು ಅವಳ ಹಣೆ ಮುಟ್ಟಿ ನೋಡಿದಳು. "ಆಸ್ಪತ್ರೆಗೆ ತೋರಿಸ್ಕೊಂಡು ಬರ್ತೀನಿ, ಬಿಡ್ರಿ ಅವಳನ್ನ," ಅಂದಳು. ನಾನು ರೇಗಿದೆ. ಒಂದು ಮಾತ್ರೆ ಕೊಡು ಸಾಕು, ಜ್ವರ ಯಾರಿಗೆ ಬರಲ್ಲ ಅಂದೆ. ಹುಡುಗಿ ಮಾತ್ರೆ ನುಂಗಿ ಮತ್ತೂ ಒಂದೂವರೆ ದಿನ ಹೊಸೆದಳು. ನಾಲ್ಕನೇ ದಿನ ಎಳೆಗಳ ಮೇಲೇ ಮುಖ ಇಟ್ಟು ಮಲಗಿದವಳು ಏಳಲಿಲ್ಲ. ಎತ್ತಿಕೊಂಡು ದೊಡ್ಡಾಸ್ಪತ್ರೆಗೆ ಓಡಿದೆವು. ಡೆಂಗಿ ಜ್ವರ, ಎರಡು ದಿನ ಮುಂಚೆ ತರಬೇಕಿತ್ತು ಎಂದರು ಡಾಕ್ಟರು. ಅಲ್ಲಿಂದ ಅವಳು ಬದುಕಿ ಬರಲಿಲ್ಲ.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ಚಿತ್ತಮ್ಮ ಮಗ್ಗದ ಮುಂದೆ ಕೂತು, ಮಗಳು ಬಿಟ್ಟ ಒಂದು ಗೇಣು ಎಳೆಗಳನ್ನು ಹೊಸೆದು ಮುಗಿಸಿದಳು. ಎಳೆ ಆರಿಸಿ ಕೊಡಲು ನನ್ನನ್ನು ಕರೆಯಲಿಲ್ಲ. ಆಮೇಲೆ ಒಂದು ತಿಂಗಳು ಮಗ್ಗ ಹಾಗೇ ನಿಂತಿತ್ತು. ನಾವಿಬ್ಬರೂ ಊಟಕ್ಕೆ ಬಾ, ನೀರು ಕೊಡು ಎಂಬುದರ ಆಚೆಗೆ ಮಾತಾಡಿದ್ದು ನನಗೆ ನೆನಪಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಸುಲೋಚನಮ್ಮ ಚಳ್ಳಕೆರೆಯಿಂದ ಒಬ್ಬ ಸ್ವಾಮಿಯನ್ನು ಕರೆತಂದಳು. ಅಮ್ಮನ ಸ್ವಾಮಿ ಅಂತ ಹೆಸರು. ಅಲ್ಲೆಲ್ಲೋ ದೇವಿಯನ್ನು ಇಟ್ಟುಕೊಂಡಿದ್ದಾನಂತೆ, ಸತ್ತವರ ಮಾತು ದೇವಿಯ ಬಾಯಲ್ಲಿ ಬರುತ್ತದಂತೆ. ನಾನು ಗೋಡೆಗೆ ಒರಗಿ, ಇವನ ಬಂಡವಾಳ ನೋಡೇಬಿಡೋಣ ಎಂದು ಕೂತಿದ್ದೆ. ಅವನು ನನ್ನನ್ನು ನೋಡಲೂ ಇಲ್ಲ. ಸೀದಾ ಮಗ್ಗದ ಹತ್ತಿರ ಹೋಗಿ, ಕೂಡಿಸಿದ ಎಳೆಗಳ ಮೇಲೆ ಬೆರಳಾಡಿಸಿ ಕಣ್ಣು ಮುಚ್ಚಿದ.

"ಈ ಹಾಸಿನಾಗೆ ಎರಡು ಕೈ ಐತೆ. ಒಂದು ಕೈ ಈಗ ಈ ಮನೇಲಿಲ್ಲ. ಅರ್ಧಕ್ಕೇ ಎದ್ದು ಹೋಗೈತೆ."

ಅದನ್ನು ನಾವು ಯಾರಿಗೂ ಹೇಳಿರಲಿಲ್ಲ. ಕಟ್ಟಳೆ ಮುರಿದದ್ದು ಬೀದಿಗೆ ಗೊತ್ತಾಗಬಾರದು ಎಂದು ಬಾಯಿಮುಚ್ಚಿಕೊಂಡಿದ್ದೆವು. ಈಗ ನೋಡಿದರೆ ಇದರಲ್ಲಿ ಪವಾಡ ಏನಿತ್ತು? ಎಡಗೈಯಲ್ಲಿ ಹೊಸೆದ ಎಳೆ ಒಂದು ಕಡೆ ತಿರುಗಿರುತ್ತದೆ, ಬಲಗೈಯದು ಇನ್ನೊಂದು ಕಡೆ. ಕಸುಬು ಬಲ್ಲವನ ಬೆರಳಿಗೆ ಅದು ಸಿಗುತ್ತದೆ. ಗೋಡೆಯ ಮೇಲೆ ಹಾರ ಹಾಕಿದ ಅವಳ ಫೋಟೋ ಇತ್ತು. ನನಗೆ ಆವತ್ತು ಇದಾವುದೂ ಹೊಳೆಯಲಿಲ್ಲ. ಹೊಳೆಯುವುದು ಬೇಕಾಗಿರಲಿಲ್ಲ ಎಂದರೇ ಸರಿ.

"ಸ್ವಾಮಿ, ಅವಳಿಗೆ ನನ್ನ ಮೇಲೆ ಸಿಟ್ಟೈತಾ?" ಎಂದು ನಾನೇ ಕೇಳಿದೆ. ಅವನು ಏನೂ ಕೆದಕಿರಲಿಲ್ಲ. ಬೀಗದ ಕೈಯನ್ನು ನಾನೇ ಅವನ ಕೈಯಲ್ಲಿಟ್ಟೆ.

ಇದೇ ಹಾಸಿನಲ್ಲಿ ಮೂರು ಸೀರೆ ನೇಯ್ದು ದೇವಿಗೆ ಉಡಿಸಬೇಕು, ಆಗ ಮಗಳು ಬಾಯಿ ಬಿಡುತ್ತಾಳೆ ಎಂದ. ಅದಕ್ಕೂ ಮೊದಲು ಇನ್ನೊಂದು ಆಗಬೇಕಿತ್ತು. ಕೂಡಿಸಿದ ಎಳೆಗಳು ಮುಂದಕ್ಕೆ ಬಂದಾಗ ಹಾಸಿನ ಅಗಲಕ್ಕೂ ಗಂಟುಗಂಟಾದ ಒಂದು ಪಟ್ಟಿ ಬರುತ್ತದೆ. ಅದು ಸೀರೆಗೆ ಸೇರುವುದಿಲ್ಲ, ಕತ್ತರಿಸಿ ಬಿಡುತ್ತೇವೆ. ಅದನ್ನು ಕೆಂಡಕ್ಕೆ ಹಾಕಿದರೆ ಮಗಳ ನೋವು ತೀರುತ್ತದೆ ಎಂದ. ನಾನೇ ಕತ್ತರಿಸಿದೆ, ನಾನೇ ಹಾಕಿದೆ. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಚಿತ್ತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿ ಅತ್ತಳು. ಭಕ್ತಿ ಉಕ್ಕಿತು ಎಂದುಕೊಂಡೆ.

ಸೀರೆಗಳನ್ನು ನೇಯ್ದೆವು. ಮೊದಲನೆಯದನ್ನು ಕೊಟ್ಟಾಗ ಸ್ವಾಮಿ ಅದನ್ನು ತಿರುವಿ, ಹಿಂಬದಿಯನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ ಚೀಲಕ್ಕೆ ಇಟ್ಟ. ವಾರ ಬಿಟ್ಟು ಬಂದು, "ಮುಖ ತಿರುಗಿಸ್ಕೊಂಡು ಕೂತವಳೆ," ಎಂದ. ನನಗೆ ಅನ್ನ ಸೇರಲಿಲ್ಲ. ಎರಡನೆಯದಾದ ಮೇಲೆ, "ತಿರುಗಿ ನೋಡಿದ್ಲು," ಎಂದ. ಮೂರನೆಯದಾದ ಮೇಲೆ ನಮ್ಮ ನಡುಮನೆಯಲ್ಲಿ ಕೂತು, ದನಿ ಸಣ್ಣ ಮಾಡಿ, "ನಾಯನಾ, ನಂಗೆ ಸಿಟ್ಟಿಲ್ಲ," ಎಂದ. ನಮ್ಮ ತೆಲುಗು ಮನೆಗಳಲ್ಲಿ ಯಾವ ಮಗುವಾದರೂ ತಂದೆಯನ್ನು ಹಾಗೇ ಕರೆಯುವುದು. ಆದರೂ ನಾನು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಆ ರಾತ್ರಿ ಐದು ತಿಂಗಳಾದ ಮೇಲೆ ಮೊದಲ ಸಲ ನಿದ್ದೆ ಬಂತು. ಸುಳ್ಳಿನಿಂದ ಬಂದ ನಿದ್ದೆಯೂ ನಿದ್ದೆಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಹೋದ ಶುಕ್ರವಾರ, ದೇವಿ ಆ ಸೀರೆಯುಟ್ಟದ್ದನ್ನು ಒಮ್ಮೆ ಕಣ್ತುಂಬ ನೋಡಿ ಬರೋಣ ಎಂದು ಬಸ್ಸು ಹತ್ತಿ ಚಳ್ಳಕೆರೆಗೆ ಹೋದೆ. ಹೂವು, ಕಾಯಿ ಎಲ್ಲ ಹಿಡಿದಿದ್ದೆ. ಸ್ವಾಮಿ ಹೇಳಿದ್ದ ಮನೆಗೆ ಬೀಗ ಬಿದ್ದಿತ್ತು. ಬಾಡಿಗೆಯವನು ಖಾಲಿ ಮಾಡಿ ವಾರವಾಯಿತು ಎಂದರು ಎದುರುಮನೆಯವರು. ಊರಿಗೇನೋ ಹೋಗಿರಬೇಕು ಎಂದು ಅಲ್ಲೂ ಅವನ ಪರವಾಗಿ ನಾನೇ ಒಂದು ನೆಪ ಹುಡುಕಿದೆ. ಬಸ್‌ಸ್ಟ್ಯಾಂಡಿಗೆ ವಾಪಸು ಬರುವ ದಾರಿಯಲ್ಲಿ ಒಂದು ಸೀರೆ ಅಂಗಡಿ. ಗಾಜಿನ ಹಿಂದೆ ನಿಂತಿದ್ದ ಪ್ಲಾಸ್ಟಿಕ್ ಬೊಂಬೆ ನೇರಳೆ ಒಡಲು, ಹಸಿರು ಅಂಚಿನ ಸೀರೆ ಉಟ್ಟಿತ್ತು.

ಎರಡನೇ ಸೀರೆ ನೇಯುವಾಗ ನನ್ನ ಕಣ್ಣು ಮಂಜಾಗಿ ಅಂಚಿನ ಗೋಪುರದ ಸಾಲಿನಲ್ಲಿ ಒಂದು ಗೋಪುರ ಗಿಡ್ಡವಾಗಿತ್ತು. ಬೊಂಬೆಯ ಮೊಣಕಾಲ ಹತ್ತಿರ ಆ ಗಿಡ್ಡ ಗೋಪುರ ಇತ್ತು.

ಒಳಗೆ ಹೋಗಿ, ಇದು ಅಮ್ಮನ ಸ್ವಾಮಿ ತಂದದ್ದಾ ಎಂದು ಕೇಳಿದೆ. ಅಂಗಡಿಯ ಯಜಮಾನ ಜಯಣ್ಣ ಒಳ್ಳೆಯ ಮನುಷ್ಯ, ಮುಚ್ಚಿಡಲಿಲ್ಲ. "ಮೂರು ತಂದಿದ್ದ, ಎರಡು ಹೋದ್ವು. ಮೊದ್ಲು ರೇಷ್ಮೆ ದಲ್ಲಾಳಿ ಆಗಿದ್ದೋನು ಅಲ್ವಾ, ಮಾಲು ಚೆನ್ನಾಗಿ ಗೊತ್ತು ಅವನಿಗೆ. ಯಾಕೆ ಯಜಮಾನ್ರೇ, ಕೂತ್ಕೊಳ್ಳಿ, ನೀರು ಕುಡೀರಿ."

ಹೂವು ಕಾಯಿ ಅಲ್ಲೇ ಬಿಟ್ಟು ಬಂದೆ. ಬಸ್ಸು ಬಿ.ಜಿ. ಕೆರೆ ದಾಟುವವರೆಗೂ ಸೀರೆಗಳ ಬೆಲೆಯನ್ನೇ ಲೆಕ್ಕ ಹಾಕುತ್ತಿದ್ದೆ. ಆಮೇಲೆ ಆ ಪಟ್ಟಿ ನೆನಪಾಯಿತು. ಸೀರೆಗಳನ್ನು ನೇಯ್ದವರು ನಾವಿಬ್ಬರು, ಬೇಕಾದರೆ ಇನ್ನೂ ನೂರು ನೇಯ್ದೇವು. ಮಗಳ ಬೆರಳು ಇದ್ದದ್ದು ಆ ಗಂಟುಗಳಲ್ಲಿ ಮಾತ್ರ. ಕಳ್ಳ ಅದನ್ನು ಒಯ್ಯಲೂ ಇಲ್ಲ. ನನ್ನ ಕೈಯಲ್ಲೇ ಸುಡಿಸಿದ.

ಮನೆಗೆ ಬಂದಾಗ ಚಿತ್ತಮ್ಮ ಮಗ್ಗದ ಮುಂದೆ ಹೊಸ ಹಾಸು ಹರಡಿಕೊಂಡು ಕೂತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಎಳೆ ಬಿಡಿಸುತ್ತಲೇ ಇದ್ದಳು.

"ನಂಗೆ ಮೊದಲ್ನೇ ಸೀರೆಗೇ ಗೊತ್ತಾಯ್ತು," ಅಂದಳು. "ದೇವರ ಸೀರೆ ಕೈಗೆ ಕೊಟ್ರೆ ಪೂಜೆ ಮಾಡೋರು ಕಣ್ಣಿಗೊತ್ಕೊಂತಾರೆ. ಅವನು ತಿರುವಿ ಹಿಂದ್ಗಡೆ ನೋಡ್ದ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ನೀವು ದಿನಾ ಅವಳ ಫೋಟೋ ಮುಂದೆ ನಿಂತು ಸಿಟ್ಟೈತಾ, ಸಿಟ್ಟೈತಾ ಅಂತ ಕೇಳ್ತಿದ್ರಿ. ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರ್ಲಿಲ್ಲ. ಅವನಾದ್ರೂ ಹೇಳ್ಲಿ, ಸೀರೆ ಹೋದ್ರೆ ಹೋಗ್ಲಿ ಅಂದ್ಕೊಂಡೆ." ಅವಳ ಕೈ ನಿಂತಿತು. "ಆ ಪಟ್ಟಿ ಸುಡೋವಾಗ ಇನ್ನೂ ಗೊತ್ತಿರ್ಲಿಲ್ಲ, ಆದ್ರೂ ತಡೀಬೇಕಿತ್ತು. ಅದೊಂದು ತಪ್ಪಾಯ್ತು ನಂದು."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೌನಿಕಾ ಇದ್ದಾಗ ಎಳೆ ಕೊಡಲು ನಾನು ಕೂರುತ್ತಿದ್ದ ಜಾಗದಲ್ಲಿ, ಚಿತ್ತಮ್ಮನ ಎದುರಿಗೆ ಕೂತೆ. ನನಗೆ ಬೇರೆ ಯಾರ ಬಾಯಿಂದಲೂ ಇನ್ನು ಏನೂ ಕೇಳುವುದಿರಲಿಲ್ಲ.

"ಚಿತ್ತಮ್ಮ, ನಿಂಗೆ ನನ್ನ ಮೇಲೆ ಸಿಟ್ಟೈತಾ?"

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಮಗಳು ಹೋದ ಮೇಲೆ ಅವಳು ನನ್ನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ಐತೆ," ಅಂದಳು. ಆಮೇಲೆ ಕೈ ಮುಂದೆ ಚಾಚಿದಳು. "ಎಳೆ ಕೊಡ್ರಿ."

ಕೊಟ್ಟೆ.