ಮೇಲಿನಿಂದ ಬಿದ್ದ ಗುಂಡು

"ಆಕಾಶದಿಂದ ಬೀಳೋ ಗುಂಡು ಶಟರ್‌ನಲ್ಲಿ ಅಡ್ಡ ತೂತು ಮಾಡಲ್ಲ ಕಣಯ್ಯ. ಬಿದ್ರೆ ತಲೆ ಮೇಲೆ ಬೀಳ್ಬೇಕು, ಇಲ್ಲ ಹೆಗಲ ಮೇಲೆ. ಎದೆ ಮಟ್ಟದಲ್ಲಿ ಹೊಕ್ಕು, ಬೆನ್ನಿಂದ ಹೊರಗೆ ಬಂದು, ಹಿಂದಿದ್ದ ತಗಡನ್ನೂ ತೂರ್ಕೊಂಡು ಹೋಗಿದೆ ಅಂದ್ರೆ ಅದು ಬಿದ್ದಿದ್ದಲ್ಲ."

ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ವಜ್ದಿ ಮೇಷ್ಟ್ರು ಇದನ್ನು ಹೇಳಿದ್ದು ಸಾವಿನ ಮನೆಯ ಮುಂದಿನ ಚಪ್ಪರದಲ್ಲಿ, ಪಕ್ಕದ ಕುರ್ಚಿಯಲ್ಲಿದ್ದ ಕ್ಷೌರಿಕನಿಗೆ ಮಾತ್ರ. ಆದರೆ ಅದೇ ಗಳಿಗೆಗೆ ಸ್ಪೀಕರಿನಲ್ಲಿ ಓದುತ್ತಿದ್ದ ಕುರಾನಿನ ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗಬೇಕಿತ್ತು. ಆ ಸಣ್ಣ ಬಿಡುವಿನಲ್ಲಿ ಮಾತು ಚಪ್ಪರದ ತುಂಬ ಹರಡಿತು. ಯಾರೂ ತಲೆ ಎತ್ತಲಿಲ್ಲ. ಕಹಿ ಕಾಫಿಯ ಹೂಜಿ ಹಿಡಿದು ಓಡಾಡುತ್ತಿದ್ದವನು ಒಂದು ಕ್ಷಣ ನಿಂತ. ಸತ್ತ ಹುಡುಗನ ಅಪ್ಪ ಅಬು ಶಾಹೀನ್ ಮಾತ್ರ ದೂರದಿಂದ ಮೇಷ್ಟ್ರನ್ನು ನೋಡಿದ, ಮತ್ತೆ ಸಾಲಿನಲ್ಲಿ ಬಂದವರ ಕೈ ಹಿಡಿಯತೊಡಗಿದ.

ಸತ್ತ ಹುಡುಗ ಶಾಹೀನ್ ಟೈರಿಗೆ ಪಂಕ್ಚರ್ ಹಾಕುತ್ತಿದ್ದ. ಈ ಸೀಮೆಯ ನಾಯಕ ಲುತ್ಫಿ ಬೇ ನಮ್ಮೂರಿಗೆ ಭಾಷಣಕ್ಕೆ ಬಂದಾಗ ತನ್ನ ಅಂಗಡಿಯ ಮುಂದೆಯೇ ನಿಂತು, "ಬೇ, ನಮ್ ತೆನೆ ಯಾವಾಗ ಡಾಲರ್ ಆಗತ್ತೆ?" ಎಂದು ಕೂಗಿ ಕೇಳಿದ್ದ. ತೆನೆ ಎಂದರೆ ಬೇ ಹೊರಡಿಸಿದ ಫೋನಿನ ಹಣ. ಜನ ನಕ್ಕರು, ಬೇ ಕೂಡ ನಕ್ಕ. ಭಾಷಣ ಮುಗಿದ ಮೇಲೆ ಎಂದಿನಂತೆ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿದವು. ಹೊಗೆ ಇಳಿದಾಗ ಶಾಹೀನ್ ಶಟರಿಗೆ ಒರಗಿ ಕುಳಿತಿದ್ದ. ಯಾರೋ ಖುಷಿಗೆ ಹಾರಿಸಿದ ಗುಂಡು ಆಕಾಶಕ್ಕೆ ಹೋಗಿ ವಾಪಸ್ ಬಿತ್ತು, ಹಣೆಬರಹ, ಎಂದು ಬೇಯ ಕಡೆಯವರು ಸಂಜೆಯೊಳಗೆ ಊರಿಗೆಲ್ಲ ತಿಳಿಸಿದರು. ನಮ್ಮ ಅಕ್ಕಾರ್ ಬಯಲಿನಲ್ಲಿ ಹಾಗೆ ಸತ್ತವರು ಇಲ್ಲದೆ ಇಲ್ಲ. ಆದ್ದರಿಂದ ನಂಬುವುದು ಸುಲಭವಿತ್ತು, ಶಟರಿನ ತೂತು ನೋಡದಿದ್ದರೆ.

ಮಾರನೆಯ ಬೆಳಿಗ್ಗೆ ಬ್ರೆಡ್ ತರಲು ಹೋದ ಮೇಷ್ಟ್ರು ಬರಿಗೈಯಲ್ಲಿ ಬಂದರು. ಫೋನಿನಲ್ಲಿ ಹಸಿರು ತೆನೆಯ ಚಿತ್ರ ಇರಬೇಕಾದ ಕಡೆ ಬೂದು ಬಣ್ಣದ ತೆನೆ ಇತ್ತು, ಕೆಳಗೆ ಎರಡು ಪದ: ಖಾತೆ ಪರಿಶೀಲನೆಯಲ್ಲಿದೆ.

"ಏನಂತೆ?" ಎಂದಳು ಹೆಂಡತಿ ಸಬೀಹಾ. ಮೂಗಿನ ಕೊಳವೆ ಕಿವಿಯ ಹಿಂದಿನಿಂದ ಇಳಿದು ಮಂಚದ ಕೆಳಗಿನ ಆಮ್ಲಜನಕದ ಯಂತ್ರಕ್ಕೆ ಸೇರಿತ್ತು. ಪ್ರತಿ ವಾಕ್ಯದ ನಡುವೆ ಆಕೆ ಉಸಿರಿಗೆ ಕಾಯುತ್ತಿದ್ದಳು.

"ಏನೋ ತೊಂದ್ರೆ. ಸರಿಹೋಗತ್ತೆ."

"ಚಪ್ಪರದಲ್ಲಿ ಏನು ಹೇಳಿದ್ರಿ ನೀವು?"

"ನಿಂಗ್ಯಾರು ಹೇಳಿದ್ದು?"

"ಕ್ಷೌರಿಕನ ಹೆಂಡ್ತಿ ಬಂದಿದ್ಲು. ಅವಳ ನಾಲಿಗೆಗೆ ಕೊಳವೆ ಬೇಡ, ತಾನೇ ಓಡತ್ತೆ." ಆಕೆ ನಗಲು ಹೋಗಿ ಕೆಮ್ಮಿದಳು. "ಹೆಗಲ ಮೇಲೆ ಹೊತ್ಕೊಂಡು ಕುಣಿದ್ರಲ್ಲ ಆ ಲುತ್ಫೀನ. ನಿಮ್ ಬೆನ್ನುನೋವಿಗೆ ನಾನೇ ಎಣ್ಣೆ ಹಚ್ಚಿದ್ದು."

ಅದು ನಿಜ. ಬ್ಯಾಂಕುಗಳು ಬಾಗಿಲು ಹಾಕಿ ಊರಿನವರ ಉಳಿತಾಯವನ್ನೆಲ್ಲ ನುಂಗಿದ ವರ್ಷ, ಲುತ್ಫಿ ಎಂಬ ವಕೀಲ ಕುರ್ಚಿ ಎತ್ತಿ ಬ್ಯಾಂಕಿನ ಗಾಜಿಗೆ ಹೊಡೆದಿದ್ದ. ಮೇಷ್ಟ್ರ ನಿವೃತ್ತಿಯ ಹಣವೂ ಆ ಗಾಜಿನ ಹಿಂದೆಯೇ ಸತ್ತಿತ್ತು. "ನನ್ನನ್ನ ಬೇ, ಧಣಿ ಅಂತೆಲ್ಲ ಅನ್ಬೇಡಿ, ನಾನು ನಿಮ್ ತಮ್ಮ" ಎನ್ನುತ್ತಿದ್ದ ಲುತ್ಫಿಯನ್ನು ಹೊತ್ತು ಕುಣಿದವರಲ್ಲಿ ಮೇಷ್ಟ್ರೂ ಇದ್ದರು. ಚುನಾವಣೆ ಗೆದ್ದ ಮೇಲೆ ಅವನು ತೆನೆ ತಂದ. ಕೈಗೆ ಸಿಗದ, ಫೋನಿನಲ್ಲೇ ಇರುವ ಹಣ. ಬ್ಯಾಂಕಿನ ಕಳ್ಳರು ಮುಟ್ಟಲಾಗದ ಹಣ ಎಂದ. ಮೊದಲ ಚಳಿಗಾಲ ಅದರಿಂದ ಬ್ರೆಡ್ ಬಂತು, ಔಷಧಿ ಬಂತು. ಜನ ಫೋನಿಗೆ ಮುತ್ತಿಟ್ಟರು. ಆಮೇಲೆ ಬೇಕರಿ, ಔಷಧಿ ಅಂಗಡಿ, ಬೀದಿಯ ಜನರೇಟರ್, ಒಂದೊಂದಾಗಿ ಬೇಯ ಕೈಗೆ ಹೋದವು. ಈಗ ಅಲ್ಲಿ ತೆನೆ ಬಿಟ್ಟು ಬೇರೇನೂ ನಡೆಯುತ್ತಿರಲಿಲ್ಲ. ಸರ್ಕಾರಿ ಕರೆಂಟು ಬರುವುದು ದಿನಕ್ಕೆ ಒಂದು ಗಂಟೆ, ಅದೂ ಬಂದರೆ.

ಜನರೇಟರ್ ನೋಡಿಕೊಳ್ಳುವ ಹಲೀಮ್ ಹತ್ತು ಗಂಟೆಗೆ ಮೆಟ್ಟಿಲು ಹತ್ತಿ ಬಂದ. ಒಳಗೆ ಬರಲಿಲ್ಲ.

"ಮೇಷ್ಟ್ರೇ, ನಿಮ್ಮ ಲೈನು ಇವತ್ತು ಸೂರ್ಯ ಮುಳುಗೋ ಹೊತ್ತಿಗೆ ಹೋಗತ್ತೆ. ಮುಂಚೆ ಹೇಳ್ಬಿಡೋಣ ಅಂತ."

"ಹಲೀಮ್, ಒಳಗೆ ಯಂತ್ರ ಇದೆ. ನಿಂಗೊತ್ತು."

"ಗೊತ್ತು. ಮೊದಲಾಗಿದ್ರೆ ನಾನು ನೋಡಿಯೂ ನೋಡದ ಹಾಗೆ ಇರ್ತಿದ್ದೆ. ಈಗ ಸ್ವಿಚ್ ನನ್ನ ಕೈಲಿಲ್ಲ. ಖಾತೆ ಬೂದು ಆದ್ರೆ ಅದೇ ಕೆಳಗೆ ಬೀಳತ್ತೆ. ನಾನು ಬರೀ ಡೀಸೆಲ್ ಹಾಕೋ ಕತ್ತೆ." ಅವನು ಸಬೀಹಾಳ ಕಡೆಗೆ ಕಣ್ಣು ಹಾಯಿಸಿ, ತಕ್ಷಣ ತಗ್ಗಿಸಿದ. "ತೆನೆ ಕಚೇರಿಗೆ ಹೋಗಿ ಮಾತಾಡಿ. ಬೇಗ ಹೋಗಿ."

ಮೂಲೆಯಲ್ಲಿ ಕರೆಂಟು ಹೋದಾಗ ಬೇಕೆಂದು ಇಟ್ಟ ಒಂದು ಆಮ್ಲಜನಕದ ಸಿಲಿಂಡರ್ ಇತ್ತು. ಮೇಷ್ಟ್ರು ಬಗ್ಗಿ ಅದರ ಮುಳ್ಳು ನೋಡಿದರು. ಒತ್ತಡವನ್ನು ಗಾತ್ರದಿಂದ ಗುಣಿಸಿ, ನಿಮಿಷಕ್ಕೆ ಹೋಗುವ ಗಾಳಿಯಿಂದ ಭಾಗಿಸುವುದು. ಶಾಲೆಯ ಹುಡುಗರೂ ಮಾಡುವ ಲೆಕ್ಕ. ಅವರು ಅರ್ಧಕ್ಕೇ ನಿಲ್ಲಿಸಿ ಜಾಕೆಟ್ ಹಾಕಿಕೊಂಡರು.

ತೆನೆಯ ಕಚೇರಿ ಇದ್ದದ್ದು ಹಳೆಯ ಬ್ಯಾಂಕಿನಲ್ಲೇ. ಗಾಜು ಹೊಸದು, ಅಮೃತಶಿಲೆಯ ಕಟ್ಟೆ ಹಳೆಯದು. ಒಳಗಿನ ಕೋಣೆಯಲ್ಲಿ ಕುಳಿತಿದ್ದವನನ್ನು ನೋಡಿ ಮೇಷ್ಟ್ರು ಬಾಗಿಲಲ್ಲೇ ನಿಂತರು. ರಮ್ಸಿ. ಆಗಿನ ಬ್ಯಾಂಕ್ ಮ್ಯಾನೇಜರ್. ಗಾಜು ಒಡೆದ ದಿನ ಜನರಿಂದ ಪೆಟ್ಟು ತಿಂದು ಹಿಂಬಾಗಿಲಿನಿಂದ ಓಡಿದವನು.

"ಬನ್ನಿ ಮೇಷ್ಟ್ರೇ, ಬನ್ನಿ. ಆಶ್ಚರ್ಯ ಆಯ್ತಾ? ಬೇ ಅವರಿಗೂ ಕೆಲಸ ಗೊತ್ತಿರೋರು ಬೇಕಲ್ಲ. ಕೂಗೋರು ಬೇಕಾದಷ್ಟು ಜನ ಸಿಕ್ತಾರೆ."

"ನನ್ನ ಖಾತೆ..."

"ಯಂತ್ರ ನಿಲ್ಲಿಸಿದೆ. ನಾನಲ್ಲ, ಬೇ ಅಲ್ಲ, ಯಾರೂ ಅಲ್ಲ. ನಿಮ್ಮಂಥ ವಿಜ್ಞಾನಿಗಳಿಗೆ ನಾನು ಹೇಳ್ಬೇಕಾ? ಯಂತ್ರಕ್ಕೆ ದ್ವೇಷ ಇರಲ್ಲ."

"ಯಂತ್ರಕ್ಕೆ ಚಪ್ಪರದ ಮಾತು ಹೇಗೆ ಕೇಳಿಸ್ತು?"

ರಮ್ಸಿ ಕನ್ನಡಕ ತೆಗೆದು ಒರೆಸಿದ. ಸುಮ್ಮನೆ ಮೇಷ್ಟ್ರ ಜೇಬಿನಲ್ಲಿದ್ದ ಫೋನಿನ ಕಡೆ ನೋಡಿದ. ಅದು ಕದ್ದು ಕೇಳುತ್ತದೋ, ಪಕ್ಕದ ಕುರ್ಚಿಯವನು ಹೋಗಿ ಹೇಳಿದನೋ, ಮೇಷ್ಟ್ರಿಗೆ ತಿಳಿಯುವ ದಾರಿ ಇರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಭಯಂಕರ ಎಂಬುದೂ ತಿಳಿಯಲಿಲ್ಲ.

"ಇವತ್ತು ಸಂತಾಪದ ಮೂರನೇ ದಿನ," ಎಂದ ರಮ್ಸಿ. "ಸಾಯಂಕಾಲ ಹಿರಿಯರ ಜಾಹಾ ಹೋಗ್ತಾ ಇದೆ, ಅಬು ಶಾಹೀನ್ ಮನೆಗೆ. ಅವನು ಹಕ್ಕು ಬಿಟ್ಟುಕೊಡ್ಬೇಕು. ಪೊಲೀಸು, ಕೋರ್ಟು ಅಂತ ಹೋಗ್ಬಾರ್ದು. ಜಾಹಾಕ್ಕೆ ಮುಂದಾಳು ಬೇಕು. ಶೇಖ್ ಹೋದ್ರೆ ಬೇ ಕಳಿಸಿದ್ದು ಅಂತಾರೆ. ನೀವು ಹೋದ್ರೆ ಊರೇ ಹೋದ ಹಾಗೆ."

"ನಾನು ಹೇಳಿದ್ದನ್ನ ನಾನೇ..."

"ನೀವು ಏನೂ ಹೇಳ್ಬೇಡಿ. ಕಾಫಿ ಮುಂದೆ ಕೂತ್ಕೊಳ್ಳಿ, ಸಾಕು." ರಮ್ಸಿ ಎದ್ದು ನಿಂತು ಕೈ ಚಾಚಿದ. "ಸೂರ್ಯ ಮುಳುಗೋದು ಐದೂವರೆಗೆ ಅಲ್ವಾ? ಮೇಡಂ ಆರೋಗ್ಯ ಹೇಗಿದೆ?"

ನಮ್ಮಲ್ಲಿ ಜಾಹಾದ, ಅಂದರೆ ರಾಜಿ ಕೇಳಲು ಹೋಗುವ ಹಿರಿಯರ ತಂಡದ ರೀತಿ ಎಲ್ಲರಿಗೂ ಗೊತ್ತು. ಬಂದ ಹಿರಿಯರ ಮುಂದೆ ಮನೆಯವನು ಕಾಫಿ ಇಡುತ್ತಾನೆ. ಮುಂದಾಳು ಬಟ್ಟಲನ್ನು ಬಾಯಿಗೆ ತಾಗಿಸದೆ ನೆಲದ ಮೇಲೆ ಇಟ್ಟು, ನಮ್ಮದೊಂದು ಬೇಡಿಕೆ ಇದೆ ಎನ್ನುತ್ತಾನೆ. ಮನೆಯವನು "ಕಾಫಿ ಕುಡೀರಿ" ಎಂದರೆ ಬೇಡಿಕೆ ಸಂದಂತೆ. ರಕ್ತದ ಹಕ್ಕೂ ಅಲ್ಲಿಗೆ ಮುಗಿಯಿತು. ಅನ್ನದಿದ್ದರೆ ಬಂದವರು ಬಾಯಾರಿಕೆಯಲ್ಲೇ ಎದ್ದು ಹೋಗಬೇಕು. ಒಮ್ಮೆ ಬಟ್ಟಲು ಬರಿದಾದರೆ ಯಾವ ನ್ಯಾಯಾಲಯವೂ ಅದನ್ನು ಮತ್ತೆ ತುಂಬಿಸಲಾರದು.

ಹನ್ನೊಂದು ಜನ ಹೋದರು. ಮೇಷ್ಟ್ರು ಮುಂದೆ. ಹಿಂದೆ ಬೇಯ ಇಬ್ಬರು ಯುವಕರು, ಕಪ್ಪು ಅಂಗಿ, ಬಹಳ ವಿನಯ. ಕಿಟಕಿಯಲ್ಲಿ ಬೆಳಕು ಹಳದಿಗೆ ತಿರುಗಿತ್ತು. ಮೇಷ್ಟ್ರ ಕಣ್ಣು ಆ ಬೆಳಕಿನ ಮೇಲೇ ಇತ್ತು.

ಅಬು ಶಾಹೀನ್ ತಾನೇ ಕಾಫಿ ಸುರಿದ. ಕಣಿವೆಯ ಕಡೆಯ ಹಳೆಯ ಬುಡಕಟ್ಟಿನ ಮನುಷ್ಯ, ಓದು ಬರಹ ಬಾರದು, ಕೈಗಳು ಮಾತ್ರ ಬಹಳ ಸ್ಥಿರ. ಮೇಷ್ಟ್ರು ಬಟ್ಟಲನ್ನು ತೆಗೆದುಕೊಂಡು ನೆಲದ ಮೇಲೆ ಇಟ್ಟರು. ಇಡುವಾಗ ಸ್ವಲ್ಪ ತುಳುಕಿತು.

"ನಮ್ಮದೊಂದು ಬೇಡಿಕೆ ಇದೆ, ಅಬು ಶಾಹೀನ್."

"ಬೇಡಿಕೆ ಆಮೇಲೆ ಕೇಳ್ತೀನಿ. ಮೊದ್ಲು ನಂದೊಂದು ಪ್ರಶ್ನೆ. ನಾನು ಶಾಲೆ ಮೆಟ್ಟಿಲು ಹತ್ತಿಲ್ಲ, ನನ್ ಮಗ ನಿಮ್ ಹತ್ರ ಕಲಿತಿದ್ದ. ನಿಮ್ ಮಾತು ಅಂದ್ರೆ ಅವನಿಗೆ ಪ್ರಾಣ. ಹೇಳಿ ಮೇಷ್ಟ್ರೇ. ಗುಂಡು ಎಲ್ಲಿಂದ ಬಂತು?"

ಗೋಡೆಗೆ ಒರಗಿ ನಿಂತಿದ್ದ ಯುವಕರಲ್ಲಿ ಒಬ್ಬ ಗಡಿಯಾರ ನೋಡಿಕೊಂಡ, ಬೇಕೆಂದೇ ಕಾಣುವಂತೆ.

ಮೇಷ್ಟ್ರ ತಲೆಯಲ್ಲಿ ಶಟರಿನ ತೂತು ಇತ್ತು, ಅದರ ಅಂಚು ಒಳಮುಖವಾಗಿ ಮಡಚಿದ್ದು, ಎದೆಯ ಎತ್ತರ, ಎದುರಿಗೆ ಬೇಯ ಕಾರುಗಳು ನಿಂತಿದ್ದ ಜಾಗ. ಎಲ್ಲ ಒಂದೇ ಸರಳ ರೇಖೆಯಲ್ಲಿ. ಆ ರೇಖೆಯ ಇನ್ನೊಂದು ತುದಿಗೆ ಸಬೀಹಾಳ ಮೂಗಿನ ಕೊಳವೆ.

"ಮೇಲಿಂದ," ಎಂದರು.

"ಮೇಲಿಂದ."

"ಹೌದು. ಬಿದ್ದ ಗುಂಡು ಕಲ್ಲಿಗೆ ತಾಗಿ ಹಾರಿದ್ರೆ... ಅಡ್ಡಕ್ಕೂ ಹೋಗ್ಬಹುದು. ಅಪರೂಪ. ಆದ್ರೆ ಆಗತ್ತೆ."

ಅಬು ಶಾಹೀನ್ ಮೇಷ್ಟ್ರ ಮುಖವನ್ನೇ ನೋಡಿದ. ಕೋಪ ಬರುವುದೆಂದು ಮೇಷ್ಟ್ರು ಕಾದರು, ಬಂದರೆ ಒಳ್ಳೆಯದಿತ್ತು. ಅವನ ಕಣ್ಣು ಯುವಕರ ಮೇಲೆ ಹೋಗಿ, ಕಿಟಕಿಯ ಬೆಳಕಿಗೆ ಹೋಗಿ, ಮತ್ತೆ ಮೇಷ್ಟ್ರ ಕಡೆ ತಿರುಗಿತು.

"ಸಬೀಹಾ ತಂಗಿ ಹೇಗಿದ್ದಾಳೆ? ಉಸಿರು?"

ಮೇಷ್ಟ್ರು ತಲೆಯಾಡಿಸಿದರು.

"ಕಾಫಿ ಕುಡೀರಿ ಮೇಷ್ಟ್ರೇ," ಎಂದ ಅಬು ಶಾಹೀನ್. "ಆರಿಹೋಗತ್ತೆ."

ಅವರು ಕುಡಿದರು. ಉಳಿದವರೂ ಕುಡಿದರು. ಕೊನೆಯ ಬಟ್ಟಲು ಕೆಳಗಿಟ್ಟಾಗ ಕೋಣೆಯಲ್ಲಿದ್ದ ಎಲ್ಲರ ಜೇಬುಗಳಲ್ಲೂ ಒಟ್ಟಿಗೇ ಸಣ್ಣ ಗಂಟೆಯ ಸದ್ದಾಯಿತು. ಅಬು ಶಾಹೀನನ ಜೇಬಿನಲ್ಲೂ. ಅವನು ಫೋನು ತೆಗೆದು ದೂರ ಹಿಡಿದು ನೋಡಿ, ಮೇಷ್ಟ್ರಿಗೆ ಕೊಟ್ಟ.

"ಏನಿದೆ, ಓದಿ."

"ಇಪ್ಪತ್ತು ಸಾವಿರ ತೆನೆ ಬಂದಿದೆ. ಶಾಹೀನನ ಹೆಸರಿಗೆ. ಬೇ ಕಡೆಯಿಂದ. ಸ್ವೀಕರಿಸಿದ್ದಕ್ಕೆ ಧನ್ಯವಾದ ಅಂತಿದೆ."

"ನಾನೆಲ್ಲಿ ಸ್ವೀಕರಿಸ್ದೆ? ಹಕ್ಕು ಬಿಟ್ಟೆ. ಮಗನ್ನ ಮಾರಿಲ್ಲ. ವಾಪಸ್ ಕಳ್ಸಿ."

ಮೇಷ್ಟ್ರು ಹುಡುಕಿದರು. ಬೇಕರಿಗೆ ಕಳಿಸಬಹುದು, ಔಷಧಿ ಅಂಗಡಿಗೆ ಕಳಿಸಬಹುದು, ನೆಂಟರಿಗೆ ಕಳಿಸಬಹುದು. ಕೊಟ್ಟವನಿಗೆ ಮಾತ್ರ ಹಿಂತಿರುಗಿಸಲು ಜಾಗ ಇರಲಿಲ್ಲ. ನೋಟಾಗಿದ್ದರೆ ಆ ಯುವಕರ ಮುಖಕ್ಕೆ ಎಸೆಯಬಹುದಿತ್ತು, ಒಲೆಗೆ ಹಾಕಬಹುದಿತ್ತು.

"ಬೇಡ ಅನ್ನೋಕೆ ಆಗಲ್ವಾ ಇದ್ರಲ್ಲಿ?"

"ಇಲ್ಲ, ಅಬು ಶಾಹೀನ್. ಆಗಲ್ಲ."

ಮುದುಕ ಫೋನನ್ನು ತೆಗೆದುಕೊಳ್ಳಲಿಲ್ಲ. ಮೇಷ್ಟ್ರ ಕೈಯಲ್ಲೇ ಬಿಟ್ಟು ಒಳಗೆ ಹೋದ. ಒಳಗಿನಿಂದ ಹೆಂಗಸರ ದನಿ ಎದ್ದಿತು, ಅಳುವೋ ಜಗಳವೋ ತಿಳಿಯಲಿಲ್ಲ. ಮೇಷ್ಟ್ರು ಫೋನನ್ನು ಬಟ್ಟಲುಗಳ ಪಕ್ಕದಲ್ಲಿ ಮೆಲ್ಲಗೆ ಇಟ್ಟು ಹೊರಗೆ ಬಂದರು.

ಮನೆಯಲ್ಲಿ ಯಂತ್ರ ನಡೆಯುತ್ತಿತ್ತು. ಸಬೀಹಾ ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದಳು. ಅವರು ಮಂಚದ ಅಂಚಿನಲ್ಲಿ ಕುಳಿತು ತಮ್ಮ ಫೋನಿಗೆ ಬಂದದ್ದನ್ನು ತೋರಿಸಿದರು. ಓದಿ ಹೇಳುವ ಧೈರ್ಯ ಇರಲಿಲ್ಲ.

ಹಸಿರು ತೆನೆ. ಅದರ ಕೆಳಗೆ: ಶಾಹೀನನ ನಲವತ್ತನೆಯ ದಿನದ ಸ್ಮರಣೆಯಲ್ಲಿ ಲುತ್ಫಿ ಬೇ ಅವರ ಸಮ್ಮುಖದಲ್ಲಿ ತಮ್ಮಿಂದ ಉಪನ್ಯಾಸ. ವಿಷಯ, ಮೇಲಿನಿಂದ ಬಿದ್ದ ಗುಂಡಿನ ವಿಜ್ಞಾನ. ಕಪ್ಪು ಹಲಗೆಯ ವ್ಯವಸ್ಥೆ ಇದೆ. ಶಾಲೆಯ ಮಕ್ಕಳೂ ಬರುತ್ತಾರೆ. ಅಲ್ಲಿಯವರೆಗೆ ತಮ್ಮ ಖಾತೆ ತೆರೆದಿರುತ್ತದೆ.

ಸಬೀಹಾ ಎರಡು ಸಲ ಓದಿದಳು. ಏನೋ ಹೇಳಲು ಬಾಯಿ ತೆರೆದವಳು ಫೋನನ್ನು ನೋಡಿ ಮುಚ್ಚಿದಳು. ಅದನ್ನು ಎತ್ತಿ ದಿಂಬಿನ ಕೆಳಗಿಟ್ಟು, ಅದರ ಮೇಲೆ ಕಂಬಳಿ ಒತ್ತಿದಳು. ಆರಿಸುವ ಹಾಗಿರಲಿಲ್ಲ, ಫೋನು ಆರಿದರೆ ಲೈನೂ ಆರುತ್ತದೆ. ಆಮೇಲೆ ಗಂಡನ ಮುಖಕ್ಕೆ ಮುಖ ತಂದು, ದನಿಯಿಲ್ಲದೆ, ಬರೀ ತುಟಿಯಲ್ಲಿ ಕೇಳಿದಳು:

"ಹೋಗ್ತೀರಾ?"

ಮೇಷ್ಟ್ರು ಕಂಬಳಿಯ ಉಬ್ಬನ್ನು ನೋಡಿದರು. ಅದರ ಕಡೆಗೆ ಸ್ವಲ್ಪ ಬಾಗಿ, ಜೋರಾಗಿ, ಸ್ಪಷ್ಟವಾಗಿ ಹೇಳಿದರು:

"ಹೋಗ್ದೆ ಏನು? ಬೇ ಕರ್ದಿದ್ದಾರೆ ಅಂದ್ರೆ ನಮ್ಮ ಪುಣ್ಯ ಅಲ್ವಾ? ಖಂಡಿತ ಹೋಗ್ತೀನಿ."

ಹೇಳಿ ಮುಗಿಸಿ ಅವರು ನಗುವನ್ನೂ ಸೇರಿಸಿದರು. ಸಬೀಹಾ ಮೆಲ್ಲಗೆ ಹಿಂದಕ್ಕೆ ಸರಿದಳು, ಕೊಳವೆ ಬಿಗಿಯಾಗುವಷ್ಟು ದೂರ. ಇಷ್ಟು ವರ್ಷದಲ್ಲಿ ಮೊದಲ ಸಲ ಆಕೆಗೆ ಮಂಚದ ಅಂಚಿನಲ್ಲಿ ಕುಳಿತ ಮನುಷ್ಯನನ್ನು ಕಂಡು ಭಯವಾಗಿತ್ತು.