ಏಳರಿಂದ ಗುಣಿಸಿದರೆ

ಗುರುಲಿಂಗಮ್ಮ ಗಂಡನ ಹಣೆಗೆ ವಿಭೂತಿ ಬಳಿದ ಕೈಯನ್ನು ಒರೆಸಿಕೊಳ್ಳದೆ, ಅದೇ ಬೆರಳಿನಿಂದ ನೆಲದ ಮೇಲೆ ಅಂಕಿ ಬರೆಯತೊಡಗಿದಳು. ಪಕ್ಕದಲ್ಲಿ ಕರಿಬಸಯ್ಯನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಅಂಗಳದಲ್ಲಿ ಅವನ ಗೆಳೆಯ, ಮೆಕ್ಯಾನಿಕ್ ಹಫೀಜ್, ಹೆಣ ಹೊರುವ ವಿಮಾನಕ್ಕೆ ಬಾಳೆಕಂಬ ಬಿಗಿಯುತ್ತಿದ್ದ. ಲಿಂಗಸುಗೂರಿನಿಂದ ಸ್ವಾಮಿಗಳು ಬರುವುದೊಂದೇ ಬಾಕಿ, ಬಂದರೆಂದರೆ ಎತ್ತಿಬಿಡುತ್ತಾರೆ. ಅಷ್ಟರೊಳಗೆ ಲೆಕ್ಕ ಮುಗಿಸಿ ಗಂಡನಿಗೆ ಹೇಳಬೇಕಿತ್ತು.

ನಾದಿನಿ ವೀರಭದ್ರಮ್ಮ ಅದನ್ನು ಕಂಡು ಗಾಬರಿಯಾದಳು. "ವೈನಿ, ಇದೇನು ಬರಿಯಾಕತ್ತೀರಿ? ಮಂದಿ ನೋಡಾಕತ್ತಾರ."

"ನೋಡ್ಲಿ ಬಿಡವ್ವ. ನಿಮ್ಮಣ್ಣ ಹೇಳಿದ ಕೆಲಸ ಒಂದು ಹಂಗ ಉಳದೈತಿ."

*

ಕರಿಬಸಯ್ಯ ಮಸ್ಕಿ ಬಸ್‌ಸ್ಟ್ಯಾಂಡಿನ ಎದುರು ಗಾಡಿಗಳ ನಂಬರ್ ಪ್ಲೇಟ್ ಬರೆಯುತ್ತಿದ್ದ. ಅಚ್ಚು ಹಾಕಿದ ಪ್ಲೇಟುಗಳು ಬಂದು ಬ್ರಷ್ಷಿಗೆ ಕೆಲಸ ತಪ್ಪಿತು, ಅಂಕಿಗಳ ಹುಚ್ಚು ಮಾತ್ರ ಬಿಡಲಿಲ್ಲ. ಎಲ್ಲಿಂದಲೋ ಒಂದು ಸಂಖ್ಯೆ ಹಿಡಿದು ತಂದ: ೧೪೨೮೫೭. ಎರಡರಿಂದ ಗುಣಿಸಿದರೆ ೨೮೫೭೧೪, ಮೂರರಿಂದ ೪೨೮೫೭೧. ಆರರವರೆಗೂ ಅವೇ ಅಂಕಿಗಳು, ಅದೇ ಸಾಲು. ಮುಂದಿದ್ದವು ಹಿಂದೆ ಹೋಗಿ ಕೂಡುತ್ತವೆ, ಅಷ್ಟೇ. ಪಂಕ್ತಿಯೂಟಕ್ಕೆ ಕೂತವರು ಜಾಗ ಬದಲಿಸಿದ ಹಾಗೆ, ಹೊರಗಿನವರು ಒಬ್ಬರೂ ಇಲ್ಲ. ಇದನ್ನು ಕೇಳಿ ಕೇಳಿ ಗುರುಲಿಂಗಮ್ಮನಿಗೆ ತಲೆಚಿಟ್ಟು ಹಿಡಿದಿತ್ತು.

"ಏಳರಿಂದ ಗುಣಿಸಿದ್ರ?" ಎಂದಳು ಒಮ್ಮೆ, ಅವನ ಬಾಯಿ ಮುಚ್ಚಿಸಲಿಕ್ಕೆ.

"ಅದನ್ನ ಮಾತ್ರ ನಾ ಹೇಳಂಗಿಲ್ಲ. ನೀನ ಮಾಡಿ ನಂಗ ಹೇಳು."

ರೊಟ್ಟಿ ಬಡಿಯುವುದಿದೆ ಎಂದು ಅವಳು ಎದ್ದು ಹೋದಳು. ಆಮೇಲೆ ವರ್ಷಗಟ್ಟಲೆ, ಊಟಕ್ಕೆ ಕೂತಾಗಲೆಲ್ಲ, ಏಳರದು ಆಯಿತೇನು ಎಂದು ಅವನು ಕೇಳುವುದು, ನಾಳೆ ಎಂದು ಇವಳು ಸಾಗಹಾಕುವುದು. ನಿನ್ನೆಯೂ ನಾಳೆ ಎಂದಳು. ನಕ್ಕು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ತುಂಬಿದ ವಯಸ್ಸು, ನೋವಿಲ್ಲದ ಸಾವು. ಅದರ ಬಗ್ಗೆ ಅವಳಿಗೆ ದೇವರ ಮೇಲೆ ತಕರಾರಿರಲಿಲ್ಲ. ಕೊಡದೆ ಉಳಿದ ಆ ಉತ್ತರವೊಂದೇ ಅವಳ ಜೀವ ಹಿಂಡುತ್ತಿತ್ತು.

*

ಏಳೇಳಲೆ ನಲವತ್ತೊಂಬತ್ತು. ಒಂಬತ್ತು ಬರೆದಳು, ಕೈಯಲ್ಲಿ ನಾಲ್ಕು. ಏಳೈದಲೆ ಮೂವತ್ತೈದು, ಕೈಯಲ್ಲಿದ್ದ ನಾಲ್ಕು ಸೇರಿ ಮೂವತ್ತೊಂಬತ್ತು. ಮತ್ತೆ ಒಂಬತ್ತು. ಎಲ್ಲೋ ತಪ್ಪಿತೆಂದುಕೊಂಡು ಅಳಿಸಿ ಮೊದಲಿನಿಂದ ಮಾಡಿದಳು. ಅವೇ ಬಂದವು. ಮೂರನೆಯದೂ ಒಂಬತ್ತು, ನಾಲ್ಕನೆಯದೂ ಒಂಬತ್ತು.

ಹಫೀಜ್ ಬಾಗಿಲಿಗೆ ಬಂದು ನಿಂತ. "ಸ್ವಾಮಿಗಳು ಬಂದಾರ್ರಿ ಅಮ್ಮಾರ, ಎತ್ತೂನೇನ್ರಿ?"

"ಇನ್ನ ಎರಡ ಅಂಕಿ ಉಳದಾವ, ತಡಿಯಪ್ಪ."

ಹಫೀಜ್ ತಡೆದ. ಸ್ವಾಮಿಗಳೂ ಹೊರಗೇ ನಿಂತರು.

ಕೊನೆಯ ಅಂಕಿ ಬರೆಯುವಾಗ ಗುರುಲಿಂಗಮ್ಮನಿಗೆ ನಗು ಬಂತು. ತಡೆದಷ್ಟೂ ಉಕ್ಕಿತು. ವೈನಿಗೆ ದುಃಖಕ್ಕೆ ತಲೆ ಕೆಟ್ಟಿತೆಂದು ವೀರಭದ್ರಮ್ಮ ನೀರು ತರಲು ಓಡಿದಳು. ಗುರುಲಿಂಗಮ್ಮ ಗಂಡನ ಕಿವಿಯ ಹತ್ತಿರ ಬಾಗಿದಳು.

"ಎಲ್ಲಾ ಒಂಬತ್ತ ಬಂದಾವ್ರೀ," ಎಂದಳು. "ಭಾಳ ಚೆಂದ ಐತ್ರಿ."

ಆಮೇಲೆ ಪಕ್ಕಕ್ಕೆ ಸರಿದು ಎತ್ತುವವರನ್ನು ಒಳಗೆ ಕರೆದಳು. ಹಫೀಜ್ ನೆಲ ನೋಡಿದ, ಉಳಿದವರಿಗೂ ತೋರಿಸಿದ. ಅವರೆಲ್ಲ ಕಾಲು ಎತ್ತೆತ್ತಿ ಇಡುತ್ತಾ, ಒಂದು ಒಂಬತ್ತನ್ನೂ ತುಳಿಯದೆ, ಕರಿಬಸಯ್ಯನನ್ನು ಹೊರಗೆ ಒಯ್ದರು.