ಕೇಳುವವಳ ಸರದಿ

"ಅರ್ಥ ಆಗದಿದ್ರೆ ಆಗಲಿಲ್ಲ ಅಂತ ಬಾಯಿಬಿಟ್ಟು ಹೇಳ್ಬೇಕು ಅಕ್ಕ. ಸುಮ್ಮನೆ ತಲೆಯಾಡಿಸೋ ಹಾಗಿಲ್ಲ," ಎಂದು ಮೇಡಂ ಮತ್ತೊಮ್ಮೆ ಎಚ್ಚರಿಸಿದರು.

ಅಕ್ಕ ಆಗಲೂ ತಲೆಯಾಡಿಸಿಯೇಬಿಟ್ಟಳು. ಸುತ್ತಲಿದ್ದ ವಿದ್ಯಾರ್ಥಿಗಳು ನಕ್ಕರು. ಐದು ನಿಮಿಷದ ಹಿಂದೆ ಪಕ್ಕದ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುತ್ತಿದ್ದವಳು ಕೈಗವಸು ಕಳಚುವುದನ್ನೂ ಮರೆತು ಬಂದು ಕೂತಿದ್ದಳು.

ಆ ಪಿಎಚ್‌ಡಿ ತರಗತಿಯಲ್ಲಿ ಅರ್ಧ ಜನ ಜೀವಶಾಸ್ತ್ರದವರು, ಅರ್ಧ ಜನ ಎಂಜಿನಿಯರುಗಳು. ಪ್ರತಿ ಮಂಗಳವಾರ ಮಧ್ಯಾಹ್ನ ಆ ಕಡೆಯವರೊಬ್ಬರು ಈ ಕಡೆಯವರೊಬ್ಬರು ಜೋಡಿಯಾಗಿ ಕೂರಬೇಕು. ಒಬ್ಬರು ತಮ್ಮ ಕೆಲಸ ವಿವರಿಸಬೇಕು, ಇನ್ನೊಬ್ಬರು ತಿಳಿಯುವ ತನಕ ಕೇಳಬೇಕು. ಕೊನೆಗೆ ಕೇಳಿದವರು ಬೋರ್ಡಿನ ಮುಂದೆ ನಿಂತು ಅದನ್ನೇ ತಮ್ಮ ಮಾತಿನಲ್ಲಿ ಹೇಳಬೇಕು. ಅವರು ತಡವರಿಸಿದರೆ ನಪಾಸಾಗುವುದು ವಿವರಿಸಿದವರು. ಇವತ್ತು ಒಬ್ಬ ಹುಡುಗ ಜ್ವರ ಬಂದು ಮಲಗಿದ್ದ. ಖಾಲಿ ಬಿದ್ದ ಅವನ ಕುರ್ಚಿಗೆ ಮೇಡಂ ಅಕ್ಕನನ್ನು ಕರೆದಿದ್ದರು.

ಹದಿನೆಂಟು ವರ್ಷದಿಂದ ಅಕ್ಕ ಈ ಕುರ್ಚಿಗಳನ್ನು ಗಾಜಿನ ಆಚೆಯಿಂದ ನೋಡಿದ್ದಳು. ಎಂಎಸ್ಸಿಗೆ ಒಂದು ಪರೀಕ್ಷೆ ಬಾಕಿಯಿರುವಾಗ ಮಗಳು ಹುಟ್ಟಿದಳು. ಆ ಪರೀಕ್ಷೆ ಹಾಗೇ ಉಳಿಯಿತು. ಮಗುವಿಗೆ ವರ್ಷ ತುಂಬಿದಾಗ ಇಲ್ಲಿ ಕೆಲಸಕ್ಕೆ ಸೇರಿದಳು. ಕಿಣ್ವ, ಅಂದರೆ ಎನ್‌ಜೈಮು, ತಯಾರಿಸಿ, ಸೋಸಿ, ವಿದ್ಯಾರ್ಥಿಗಳ ಕೈಗೆ ಕೊಡುವುದು ಅವಳ ಕೆಲಸ. ಮಗಳು ಈಗ ಕಾಲೇಜು ಸೇರಿದ್ದಾಳೆ. "ಮಂಗಳವಾರ ನಾನೂ ಬಂದು ಕೂರ್ತೀನಿ ಅಂತ ಕೇಳಿಬಿಡಮ್ಮ, ಮೇಡಂ ಏನು ಕಚ್ತಾರಾ?" ಎಂದು ತಿಂಗಳಿಂದ ಅಮ್ಮನ ಪ್ರಾಣ ತಿನ್ನುತ್ತಿದ್ದಳು. ಇವತ್ತು ಕೇಳಿಯೇಬಿಡಬೇಕೆಂದು ಅಕ್ಕ ಮನಸ್ಸು ಗಟ್ಟಿ ಮಾಡಿಕೊಂಡಳು.

ಎದುರಿಗಿದ್ದ ಹುಡುಗಿಯನ್ನು ಎಲ್ಲರೂ ಪಂಪು ಎನ್ನುತ್ತಿದ್ದರು. ಎಂಜಿನಿಯರಿಂಗ್ ಓದುವಾಗ ನೀರಿನ ಪಂಪು ಕಟ್ಟಿದ್ದಳಂತೆ. "ನೋಡಿ ಅಕ್ಕ, ಈ ಸಣ್ಣ ಕೊಳವೆಯೊಳಗೆ ಕಿಣ್ವ ಹರಿಯುತ್ತೆ. ಆ ಕಡೆ ಬರೋ ಹೊತ್ತಿಗೆ ಅರ್ಧ ಸತ್ತಿರುತ್ತೆ. ಈ ತಿರುವಿನಲ್ಲಿ ರಭಸ ಜಾಸ್ತಿ, ಅದಕ್ಕೇ ಹೀಗಾಗ್ತಿದೆ ಅಂತ ನನ್ನ ಲೆಕ್ಕ."

"ಸತ್ತಿರುತ್ತೆ ಅಂದ್ರೆ?"

"ಕೆಲಸ ಮಾಡಲ್ಲ."

"ಅದು ಗೊತ್ತು ಕಣೇ, ಮಾಡಿ ಕೊಡೋಳೇ ನಾನು. ಯಾಕೆ ಕೆಲಸ ಮಾಡಲ್ಲ?"

ಪಂಪು ತನ್ನ ಇಯರ್‌ಫೋನಿನ ವೈರನ್ನು ಉಂಡೆ ಸುತ್ತಿ ಮೇಜಿನ ಮೇಲಿಟ್ಟಳು. ಕಿಣ್ವವೂ ಹೀಗೇ ಮಡಚಿಕೊಂಡ ಸರಪಳಿ, ನೀರೆಂದರೆ ಆಗದ ಭಾಗವೆಲ್ಲ ಒಳಗೆ ಅಡಗಿರುತ್ತದೆ, ಮಡಿಕೆ ಬಿಚ್ಚಿದರೆ ಮುಗಿಯಿತು ಎಂದಳು. ಅಕ್ಕ ಆ ಉಂಡೆಯನ್ನೇ ನೋಡುತ್ತ ಕೂತಳು.

"ಕೊಳವೇಲಿ ನೊರೆ ಬಂದಿತ್ತಾ?"

"ಸ್ವಲ್ಪ. ಯಾಕೆ?"

"ನಾನು ಕಿಣ್ವದ ಬಾಟಲಿ ಯಾವತ್ತೂ ಕುಲುಕಲ್ಲ, ಮೆಲ್ಲಗೆ ಹೊರಳಿಸ್ತೀನಿ. ನೊರೆ ಬಂತೋ, ಕೆಟ್ಟಿತು ಅಂತಲೇ ಲೆಕ್ಕ. ಯಾಕೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಒಳಗೆ ಅಡಗಿರೋದಕ್ಕೆ ನೀರು ಆಗಲ್ಲ ಅಂದ್ಯಲ್ಲ, ಗುಳ್ಳೆ ಸಿಕ್ಕಿದ್ರೆ ಅದಕ್ಕೆ ಹೊರಗೆ ಬರೋಕೆ ದಾರಿ ಸಿಕ್ಕ ಹಾಗಲ್ವಾ? ನಿನ್ನ ಲೆಕ್ಕದಲ್ಲಿ ಗಾಳಿ ಎಲ್ಲಿದೆ?"

ಪಂಪು ಹಾಳೆಗಳನ್ನು ತಿರುವಿದಳು. ಮತ್ತೆ ಮೊದಲಿನಿಂದ ತಿರುವಿದಳು. "ಅಯ್ಯೋ ಅಕ್ಕ, ಗಾಳಿ ಹಾಕೇ ಇಲ್ಲ."

ಅಕ್ಕ ಬೋರ್ಡಿನ ಮುಂದೆ ಹೋದಳು. ಗವಸು ಕಳಚಿ ಜೇಬಿಗಿಟ್ಟಳು. "ಚಳಿಗೆ ಮಗು ಹೊಟ್ಟೆ ಮುಚ್ಚಿಕೊಂಡು ಮುದುಡಿ ಮಲಗುತ್ತಲ್ಲ, ಕಿಣ್ವವೂ ಹಾಗೇ..." ಎಂದು ಶುರುಮಾಡಿದಳು. "ಅಕ್ಕ, ನೊರೆ ಕಂಡ್ರೆ ಮಗು ಎದ್ದುಬಿಡುತ್ತಾ?" ಎಂದು ಹಿಂದಿನಿಂದ ಯಾರೋ ಕೆಣಕಿದರು. "ಎದ್ದು ಕೈಕಾಲು ಚಾಚಿಬಿಡುತ್ತೆ. ಆಮೇಲೆ ನೀನೇ ಬಂದು ತಟ್ಟಿದ್ರೂ ಮಲಗಲ್ಲ," ಎಂದಳು. ನಗು ಎದ್ದಿತು. ಅವಳ ಕೈ ಸರಾಗವಾಗಿ ಗುಳ್ಳೆ ಬರೆಯಿತು, ಗುಳ್ಳೆಯ ಅಂಚಿನಲ್ಲಿ ಬಿಚ್ಚಿಕೊಂಡ ಸರಪಳಿ ಬರೆಯಿತು. ಇನ್ನೇನು ಕೊಳವೆಯ ಮಾತಿಗೆ ಬರಬೇಕು, ಬಾಗಿಲು ತೆರೆದು ಮುಂದಿನ ತರಗತಿಯವರು ಒಳಗೆ ಇಣುಕಿದರು.

"ಸಾಕು ಅಕ್ಕ, ಚೆನ್ನಾಗಿ ಹೇಳಿದ್ರಿ. ಪಂಪು, ನೀನು ಪಾಸು," ಎಂದು ಮೇಡಂ ಎದ್ದರು. ಪಂಪು "ಥ್ಯಾಂಕ್ಸ್ ಅಕ್ಕ!" ಎನ್ನುತ್ತ ಲೆಕ್ಕ ತಿದ್ದಲು ಓಡಿಯೇಬಿಟ್ಟಳು.

ಅಕ್ಕ ಮೇಡಂ ಅವರ ಹಿಂದೆಯೇ ಬಾಗಿಲ ತನಕ ಹೋದಳು. "ಮೇಡಂ, ಮುಂದಿನ ಮಂಗಳವಾರ..."

"ಯೋಚನೆ ಮಾಡ್ಬೇಡಿ ಅಕ್ಕ. ಅಷ್ಟರಲ್ಲಿ ಆ ಹುಡುಗ ಹುಷಾರಾಗಿರ್ತಾನೆ. ನಿಮಗೆ ಮತ್ತೆ ತೊಂದರೆ ಕೊಡಲ್ಲ."

"ತೊಂದರೆ ಏನಿಲ್ಲ ಮೇಡಂ," ಎಂದಳು ಅಕ್ಕ. ಅಷ್ಟು ಹೊತ್ತಿಗೆ ಮೇಡಂ ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿಯುತ್ತಿದ್ದರು.

ಸಂಜೆ ಮನೆಗೆ ಹೊರಡುವ ಮುನ್ನ, ನಾಳೆಗೆ ಬೇಕಾದ ಬಾಟಲಿಗಳನ್ನು ತೆಗೆದಿಡಲು ಅಕ್ಕ ಶೀತಲ ಕೋಣೆಗೆ ಹೋದಳು. ಸ್ವೆಟರ್ ಹಾಕಿಕೊಂಡು ಒಳಗೆ ಹೊಕ್ಕು ದಪ್ಪ ಬಾಗಿಲು ಎಳೆದುಕೊಂಡಳು. ಕಪಾಟಿನ ಮೇಲೆ ಕಿಣ್ವದ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದನ್ನು ಕೈಗೆತ್ತಿಕೊಂಡು ಮೆಲ್ಲಗೆ ಹೊರಳಿಸಿದಳು.

"ಈಗ ಕೊಳವೆಗೆ ಬರೋಣ," ಎಂದಳು, ಸ್ವಲ್ಪ ಗಟ್ಟಿಯಾಗಿಯೇ. ಬಾಯಿಂದ ಹೊರಟ ಉಸಿರು ಬೆಳ್ಳಗೆ ಬಾಟಲಿಗಳ ತನಕ ಹೋಗಿ ಕರಗಿತು. ಅವಳು ಮುಂದಿನ ಮಾತು ಹೇಳಿದಳು.